ನಮ್ಮ ಶಾಲೆಯ ಗೋಡೆ ಪತ್ರಿಕೆ ‘ಕಾಲುಸಂಕ’

ಮೊದಲ ವರ್ಷ ನಮ್ಮ ಗೋಡೆ ಪತ್ರಿಕೆಯನ್ನು ಯಾರೂ ಓದುತ್ತಿರಲಿಲ್ಲ. ಹೊಸನಗರ ತಾಲ್ಲೂಕಿನ ಒಳಗಿನ ಒಂದು ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ಕನ್ನಡ ಶಿಕ್ಷಕಿ. ಎಂಟು, ಒಂಬತ್ತು, ಹತ್ತು ಸೇರಿದರೂ ನೂರು ಮಕ್ಕಳಿಲ್ಲ. ಕೈಬರಹ ಚೆಂದ ಇದ್ದ ಇಬ್ಬರು ಹುಡುಗಿಯರು ಡ್ರಾಯಿಂಗ್ ಶೀಟಿನ ಮೇಲೆ ಸುಭಾಷಿತ, ಗಾದೆ, ‘ಡಿಸೆಂಬರ್ 29 ಕುವೆಂಪು ಜನ್ಮದಿನ’ ಅಂತೆಲ್ಲ ಬರೆದು, ಸುತ್ತ ಬಳ್ಳಿ ಬಿಡಿಸಿ ಅಂಟಿಸುತ್ತಿದ್ದರು. ನೋಡಲು ಚೆಂದವೇ ಇತ್ತು. ಆದರೆ ಅಂಟಿಸಿದ ದಿನ ಬಿಟ್ಟರೆ ಮತ್ತೆ ಅದರ ಮುಂದೆ ಒಬ್ಬರೂ ನಿಲ್ಲುತ್ತಿರಲಿಲ್ಲ.

ಎರಡನೇ ವರ್ಷದ ಜುಲೈನಲ್ಲಿ ಒಂದು ಬೆಳಿಗ್ಗೆ ಎಂಟನೇ ತರಗತಿಯ ಹುಡುಗನೊಬ್ಬ ಪೂರ್ತಿ ನೆನೆದು, ಎರಡನೇ ಪೀರಿಯಡ್ಡಿಗೆ ಬಂದ. “ಯಾಕೋ ಇಷ್ಟು ತಡ?” ಅಂದೆ. “ಸಂಕದ ಮೇಲೆ ನೀರು ಬಂದಿತ್ತು ಮೇಡಂ. ಇಳಿಯೋವರೆಗೆ ಆಚೆ ದಡದಲ್ಲೇ ಕೂತಿದ್ವಿ, ಐದು ಜನ” ಅಂದ. ಇಡೀ ಕ್ಲಾಸು ಅವನ ಕಡೆ ತಿರುಗಿತು. ನೀರು ಎಲ್ಲಿವರೆಗೆ ಬಂದಿತ್ತು, ಮತ್ಯಾರು ಇದ್ದರು, ಉಂಬಳ (ಜಿಗಣೆ) ಎಷ್ಟು ಹತ್ತಿದವು ಅಂತ ಒಂದೇ ಸಮ ಪ್ರಶ್ನೆ. ನಾನು ಪಾಠ ನಿಲ್ಲಿಸಿ ಕೇಳುತ್ತಾ ನಿಂತೆ. ಆ ಶನಿವಾರ ಸುಭಾಷಿತದ ಜಾಗದಲ್ಲಿ ಅವನೇ ಬರೆದ ಹನ್ನೊಂದು ಸಾಲು ಬಂತು. ಜಗಲಿಯಲ್ಲಿ ನೂಕುನುಗ್ಗಲು! ಪತ್ರಿಕೆಗೆ ಹೆಸರೂ ಅವತ್ತೇ ಸಿಕ್ಕಿತು: ‘ಕಾಲುಸಂಕ’. ಬಯಲುಸೀಮೆಯವರಿಗೆ ಗೊತ್ತಿರಲಿಕ್ಕಿಲ್ಲ, ಅಡಿಕೆ ಮರದ ಎರಡು ಮೂರು ದಬ್ಬೆಗಳನ್ನು ಜೋಡಿಸಿ ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಕಟ್ಟಿದರೆ ಅದೇ ಕಾಲುಸಂಕ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಅದನ್ನು ದಾಟಿಯೇ ಶಾಲೆಗೆ ಬರುವುದು.

ಅಲ್ಲಿಂದ ಒಂದೇ ಮಾತು ಹಿಡಿದುಕೊಂಡೆ. ಹೋಗಿ ನೋಡಿದ್ದನ್ನು ಬರೀಬೇಕು, ಯಾರು ಹೇಳಿದರು ಅಂತ ಬರೀಬೇಕು. ಇವೆರಡೂ ಇಲ್ಲದ್ದು ಬೋರ್ಡಿಗೆ ಹೋಗುವುದಿಲ್ಲ.

ಈಚೆಗೆ ಬೇರೆ ಶಾಲೆಯ ಶಿಕ್ಷಕರು ಫೋನು ಮಾಡಿ ಹೇಗೆ ಶುರು ಮಾಡೋದು ಅಂತ ಕೇಳುತ್ತಾರೆ. ಮಲೆನಾಡಿನವರಾದರೆ ನಾನು ಹೇಳುವ ಮೊದಲ ಮಾತು, ಗೋಡೆ ಮುಟ್ಟಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ಬೆವರುತ್ತವೆ. ಮೈದಾ ಅಂಟಿನಲ್ಲಿ ಹಚ್ಚಿದ ಹಾಳೆ ಬುಧವಾರದ ಹೊತ್ತಿಗೆ ಬೂಸ್ಟು ಹಿಡಿಯುತ್ತದೆ. ಅಂಟಿನ ಆಸೆಗೆ ಜಿರಲೆ ಬಂದು ಅಂಚು ತಿನ್ನುತ್ತವೆ. ಸ್ಕೆಚ್ ಪೆನ್ನಿನ ಅಕ್ಷರ ಥಂಡಿಗೆ ಹರಡಿಕೊಂಡು ಬರೀ ನೀಲಿ ಕಲೆ ಉಳಿಯುತ್ತದೆ. ಎರಡು ಮಳೆಗಾಲ ಹೀಗೇ ಹಾಳಾಯಿತು. ಕೊನೆಗೆ ಒಂದು ಹಳೆಯ ಪ್ಲೈವುಡ್ ಹಲಗೆ ತೊಳೆದು, ಗೋಡೆಗೆ ತಾಗದಂತೆ ಹಿಂದೆ ಎರಡು ರೀಪು ಹೊಡೆಸಿ, ಜಗಲಿಯ ಪಕಾಸಿಗೆ ತಂತಿಯಲ್ಲಿ ತೂಗುಹಾಕಿದೆವು. ಅಂಟು ಬಿಟ್ಟು ಕ್ಲಿಪ್ ಹಾಕಿದೆವು. ಮುಂದೆ ದಪ್ಪ ಪ್ಲಾಸ್ಟಿಕ್ ಇಳಿಬಿಟ್ಟೆವು. ಅಂಗಳದಲ್ಲಿ ಹರಡಿದ ಅಡಿಕೆಗೆ ಮಳೆ ಬಂದಾಗ ಹೊದಿಸುತ್ತಾರಲ್ಲ, ಅಂಥದ್ದೇ, ಒಬ್ಬ ಹುಡುಗನ ಮನೆಯಿಂದ ಬಂದದ್ದು. ಬರೆಯಲು ಬಾಲ್ ಪೆನ್ ಮಾತ್ರ. ಅದಾದ ಮೇಲೆ ಒಂದು ಹಾಳೆಯೂ ಹಾಳಾಗಲಿಲ್ಲ.

ಮಂಗಳವಾರ ಊಟದ ಬಿಡುವಿನಲ್ಲಿ ಯಾರು ಏನು ಬರೀತಾರೆ ಅಂತ ಮಾತು, ಗುರುವಾರ ಕರಡು, ಶುಕ್ರವಾರ ನಕಲು, ಶನಿವಾರ ಬೆಳಿಗ್ಗೆ ಬೋರ್ಡಿಗೆ. ಇಷ್ಟೇ. ನಕಲು ಎರಡು ಪ್ರತಿ. ಒಂದು ಶಾಲೆಗೆ, ಇನ್ನೊಂದು ಹಾಲಿನ ಡೈರಿಗೆ. ಡೈರಿಗೆ ಹಾಕಿದ್ದರಿಂದ ನಮ್ಮ ಪತ್ರಿಕೆ ಊರಿನದ್ದಾಯಿತು ಅಂತಲೇ ನನ್ನ ನಂಬಿಕೆ. ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತವರು ಓದದೆ ಮತ್ತೇನು ಮಾಡುತ್ತಾರೆ ಹೇಳಿ?

ಅವರು ಮೊದಲು ಹುಡುಕುತ್ತಿದ್ದದ್ದು ಮಳೆ ಲೆಕ್ಕ. ಇದು ಮಕ್ಕಳದ್ದೇ ಯೋಚನೆ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಒಂದು ಡಬ್ಬ, ಒಂದು ಸ್ಕೇಲು. ಹವಾಮಾನ ಇಲಾಖೆ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತದೆ, ನಾವೂ ಅದೇ ಹೊತ್ತು ಇಟ್ಟುಕೊಂಡೆವು. ಶಾಲೆಯ ಪಕ್ಕದ ಮನೆಯ ಹುಡುಗಿ ದಿನಾ ಅಳೆದು ಬರೆದಿಡುತ್ತಿದ್ದಳು. ಡಬ್ಬದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ಬಿದ್ದ ಹಾಗೆ ಅಂತ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. ಮಕ್ಕಳು ತಕ್ಷಣ ಶಾಲೆಯ ಸೂರು ಅಳೆದು, ಒಂದು ದಿನಕ್ಕೆ ಅದರ ಮೇಲೆ ಎಷ್ಟು ಕೊಡ ನೀರು ಬಿತ್ತು ಅಂತ ಲೆಕ್ಕ ಹಾಕಿ ಬರೆದರು.

ಮೂರನೇ ವಾರ ಒಬ್ಬ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಶಾಲೆಗೇ ಬಂದರು. “ಮೇಡಂ, ನಿಮ್ಮ ಲೆಕ್ಕ ಕಮ್ಮಿ ಬರ್ತಾ ಉಂಟು. ಡಬ್ಬ ಎಲ್ಲಿಟ್ಟೀರಿ ತೋರ್ಸಿ” ಅಂದರು. ಹೋಗಿ ನೋಡಿದರೆ ಹಲಸಿನ ಮರದ ಕೊಂಬೆ ಅರ್ಧ ಆಕಾಶ ಮುಚ್ಚಿತ್ತು. ಅವರೇ ಅಂಗಳದ ನಡುವೆ ಜಾಗ ತೋರಿಸಿ, ಡಬ್ಬ ಉರುಳದ ಹಾಗೆ ಸುತ್ತ ಕಲ್ಲು ಇಟ್ಟರು. ಹೋಗುವಾಗ ಮಕ್ಕಳಿಗೆ ಒಂದು ವಿಷಯ ಹೇಳಿದರು. ಅವರ ಮನೆಯಲ್ಲಿ ಮಳೆಯ ಪುಸ್ತಕ ಇದೆಯಂತೆ. ಅದರಲ್ಲಿ ತಾರೀಖು ಇಲ್ಲ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಮಳೆ ನಕ್ಷತ್ರದ ಲೆಕ್ಕ. ಯಾವ ಮಳೆಯಲ್ಲಿ ಹಳ್ಳ ತುಂಬಿತು, ಯಾವ ಮಳೆಯಲ್ಲಿ ಅಡಿಕೆಗೆ ಕೊಳೆ ರೋಗ ಬಂತು, ಮದ್ದು ಎಷ್ಟು ಸಲ ಹೊಡೆದರು, ಎಲ್ಲಾ ಇದೆ. ನಾಲ್ಕು ವಾರ ಅದನ್ನೇ ಸ್ವಲ್ಪ ಸ್ವಲ್ಪ ಹಾಕಿದೆವು. ಮದ್ದು ಅಂದರೆ ಬೋರ್ಡೋ ದ್ರಾವಣ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮನೆಯಲ್ಲಿ ದಿನಾ ನೋಡುವ ಸಂಗತಿಯೇ ರಸಾಯನಶಾಸ್ತ್ರ ಅಂತ ಹತ್ತನೇ ತರಗತಿಯವರಿಗೆ ಆಗ ಗೊತ್ತಾಯಿತು.

ಮಳೆಗಾಲದ ಇನ್ನೊಂದು ಸುದ್ದಿ ರಜೆ. ರಾತ್ರಿ ಹತ್ತಕ್ಕೆ ಯಾವುದೋ ವಾಟ್ಸ್‌ಆ್ಯಪ್ ಗುಂಪಿಗೆ ‘ನಾಳೆ ಶಾಲೆಗಳಿಗೆ ರಜೆ’ ಅಂತ ಒಂದು ಪತ್ರ ಬರುತ್ತದೆ. ಹಿಂದಿನ ವರ್ಷದ್ದನ್ನೇ ತಾರೀಖು ತಿದ್ದಿ ಯಾರೋ ಬಿಟ್ಟಿರುತ್ತಾರೆ. ಮಕ್ಕಳಿಗೆ ಅಂಥದ್ದೊಂದು ಪತ್ರ ಕೊಟ್ಟು ಕೂರಿಸಿದೆ. ಸಹಿ ನೋಡಿ, ತಾರೀಖಿನ ಅಕ್ಷರ ಬೇರೆ ಥರ ಇದೆಯಾ ನೋಡಿ, ಯಾವ ತಾಲ್ಲೂಕಿಗೆ ಅಂತ ಇದೆ ನೋಡಿ. ಒಂದು ಗಂಟೆಯಲ್ಲಿ ಅವರೇ ಸುಳ್ಳು ಹಿಡಿದರು. ಆ ವಾರದ ಹಾಳೆಯಲ್ಲಿ ‘ರಜೆ ನಿಜವೋ ಸುಳ್ಳೋ ನೋಡೋದು ಹೇಗೆ’ ಅಂತ ಬಂತು. ಕೊಟ್ಟ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನದ ತರಗತಿಯಲ್ಲಿ ತುಂಬಿಸಬೇಕು ಅನ್ನೋದನ್ನೂ ಕೆಳಗೆ ಬರೆಸಿದೆ.

ಅಡುಗೆಮನೆಯ ಸುದ್ದಿ ಬಂದದ್ದು ಒಬ್ಬ ಒಂಬತ್ತನೇ ತರಗತಿ ಹುಡುಗಿಯಿಂದ. ದಿನಾ ಉಣ್ಣುತ್ತೇವೆ, ಬಡಿಸುವ ಅಕ್ಕ ಎಷ್ಟು ಗಂಟೆಗೆ ಏಳುತ್ತಾರೆ ಅಂತ ಯಾರಿಗೂ ಗೊತ್ತಿಲ್ಲವಲ್ಲ ಅಂದಳು. ಬಿಸಿಯೂಟದ ಅಕ್ಕನ ಜೊತೆ ಒಂದು ಬೆಳಿಗ್ಗೆ ಪೂರ್ತಿ ಕೂತಳು. ತಲೆಗೆ 150 ಗ್ರಾಂ ಅಕ್ಕಿ, ಅವತ್ತು ಹಾಜರಿ 84, ಹಾಗಾಗಿ 12 ಕೆ.ಜಿ. 600 ಗ್ರಾಂ ಅಂತ ಅಳೆಯುವುದನ್ನು ನೋಡಿದಳು. ಮಳೆಗಾಲದಲ್ಲಿ ಸಾರಿಗೆ ಒಂದು ಹಿಡಿ ಮೆಣಸು ಜಾಸ್ತಿ ಹಾಕುತ್ತಾರೆ, ‘ಮಕ್ಕಳು ನೆಂದು ಬಂದಿರ್ತವೆ’ ಅಂತ. ಈ ಒಂದು ಸಾಲನ್ನು ಹುಡುಗಿ ಬರೆದಿದ್ದಳು. ಅಕ್ಕ ತನ್ನ ಮಗಳನ್ನು ಕರೆದುಕೊಂಡು ಬಂದು ಅದನ್ನು ಎರಡು ಸಲ ಓದಿಸಿಕೊಂಡರು.

ಈಗ ನಾನು ಮಾಡಿದ ತಪ್ಪಿನ ವಿಷಯ. ಇದನ್ನು ಹೇಳದೆ ಉಳಿದದ್ದೆಲ್ಲ ಹೇಳಿದರೆ ಸರಿಯಾಗುವುದಿಲ್ಲ.

ನವೆಂಬರ್ ಬಂದರೆ ನಮ್ಮ ಕಡೆ ಅಡಿಕೆ ಸುಲಿತ ಜೋರು. ಅಡಿಕೆ ಗೊನೆ ಇಳಿಸಿದ ದಿನದಿಂದ ರಾತ್ರಿ ಎಲ್ಲಾ ಮನೆಗಳಲ್ಲಿ ಸುಲಿಯುತ್ತಾರೆ, ಮಕ್ಕಳೂ ಕೂರುತ್ತಾರೆ. ಬೆಳಿಗ್ಗೆ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. ಹತ್ತನೇ ತರಗತಿಯವರದ್ದೇ ನನಗೆ ಚಿಂತೆ. ‘ಸುಲಿತಕ್ಕೆ ಹೋಗಿ ಶಾಲೆ ತಪ್ಪಿಸಿದವರು’ ಅಂತ ಒಂದು ಪಟ್ಟಿ ಬರೆಸಿದೆ. ಹೆಸರು ಸಮೇತ, ಎಷ್ಟು ದಿನ ಅನ್ನೋದೂ ಸಮೇತ. ಅಂಕಿಅಂಶ ಇದೆ, ನೋಡಿದ್ದು ಇದೆ, ನಮ್ಮ ನಿಯಮದ ಪ್ರಕಾರ ಎಲ್ಲಾ ಸರಿಯೇ ಇತ್ತು. ಡೈರಿಗೂ ಒಂದು ಪ್ರತಿ ಹೋಯಿತು.

ಸೋಮವಾರ ಒಬ್ಬ ತಾಯಿ ಬಂದರು. ಬಾಗಿಲ ಹತ್ತಿರವೇ ನಿಂತರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ಕೈಬೆರಳೆಲ್ಲ ಅಡಿಕೆ ಸಿಪ್ಪೆಯ ಕಪ್ಪು. “ಮೇಡಂ, ನಮ್ದು ತೋಟ ಅಲ್ಲ. ಕೂಲಿಗೆ ಸುಲೀತೀವಿ. ಅವನು ಕೂತ್ರೆ ಒಂದು ಡಬ್ಬ ಜಾಸ್ತಿ ಆಗುತ್ತೆ. ಬಡವ್ರು ಅಂತ ಗೋಡೆ ಮೇಲೆ ಬರೆಸ್ಬೇಕಿತ್ತಾ?” ಅಂದರು. ಅವರು ಕೂಗಾಡಲಿಲ್ಲ. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ತಪ್ಪಾಯಿತು ಅಂದೆ. ಅವತ್ತೇ ಎರಡೂ ಕಡೆಯ ಹಾಳೆ ತೆಗೆಸಿದೆ. ಅವರ ಮಗ ಒಂದು ವಾರ ನನ್ನ ಮುಖ ನೋಡಲಿಲ್ಲ.

ಮುಂದಿನ ಮಂಗಳವಾರ ಮಕ್ಕಳ ಮುಂದೆಯೇ ಇದನ್ನು ಮಾತಾಡಿದೆವು. ನಿಜವಾದದ್ದೆಲ್ಲ ಬರೆಯುವಂಥದ್ದಲ್ಲ ಅಂತ ನಾನು ಕಲಿತದ್ದು ಆಗ. ಎರಡು ನಿಯಮ ಸೇರಿಸಿದೆವು. ಯಾರ ಬಗ್ಗೆ ಬರೆಯುತ್ತೇವೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು ಬೇಡ ಅಂದರೆ ಬೇಡ. ತಪ್ಪು ಬಂದರೆ ತಿದ್ದುಪಡಿಯನ್ನು ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಸುಲಿತದ ಸಮಸ್ಯೆಗೆ ಪಟ್ಟಿಯಿಂದ ಆಗದ ಕೆಲಸ ಸಮಯ ಬದಲಿಸಿದ್ದರಿಂದ ಸ್ವಲ್ಪ ಆಯಿತು. ಆ ಎರಡು ತಿಂಗಳು ಹತ್ತನೇ ತರಗತಿಗೆ ಬೆಳಗಿನ ವಿಶೇಷ ತರಗತಿ ಬಿಟ್ಟು ಸಂಜೆ ಮಾಡಿದೆವು.

ಈ ನಿಯಮ ಬೇಸಿಗೆಯಲ್ಲಿ ಕೆಲಸಕ್ಕೆ ಬಂತು. ಶಾಲೆಯ ಹಿಂದಿನ ಗುಡ್ಡದಲ್ಲಿ ಒಂದು ಮಂಗ ಸತ್ತಿದೆ ಅಂತ ಗುಲ್ಲು ಎದ್ದಿತು. ಮಂಗನ ಕಾಯಿಲೆ (ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ) ಅಂದರೆ ನಮ್ಮ ಜಿಲ್ಲೆಗೆ ಬರೀ ಹೆಸರಲ್ಲ. 1957ರಲ್ಲಿ ಅದನ್ನು ಮೊದಲು ಪತ್ತೆ ಮಾಡಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡು ಕಡೆ 2019ರಲ್ಲಿ ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಯಾವ ಮನೆಯಲ್ಲಿ ಯಾರಿಗೆ ಜ್ವರ ಅಂತ ಹೆಸರು ಹಿಡಿದು ಮಾತಾಡಲು ಶುರುವಾಯಿತು. ನಮ್ಮ ಮಕ್ಕಳು ಆ ಹೆಸರುಗಳನ್ನು ಮುಟ್ಟಲಿಲ್ಲ. ಗುಡ್ಡಕ್ಕೂ ಹೋಗಲಿಲ್ಲ, ಅದನ್ನು ನಾನು ಬಿಡುತ್ತಲೂ ಇರಲಿಲ್ಲ. ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕೇಳಿ ಬರೆದುಕೊಂಡು ಬಂದರು. ಉಣುಗು (ಉಣ್ಣಿ) ಕಚ್ಚುವುದರಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ದರಗು (ಒಣಗಿದ ಎಲೆ), ಸೊಪ್ಪು ತರಲು ಕಾಡಿಗೆ ಹೋಗುವ ಮುಂಚೆ ಅವರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಬದಲಿಸಿ. ಜ್ವರ ಬಂದರೆ ಮನೆಯಲ್ಲೇ ಕೂರಬೇಡಿ. ಹೇಳಿದವರು ಯಾರು ಅನ್ನೋದು ಕೆಳಗಿತ್ತು. ಆ ಒಂದು ವಾರ ಆರು ಪ್ರತಿ ಬರೆದೆವು. ನ್ಯಾಯಬೆಲೆ ಅಂಗಡಿಯವರು ತಾವೇ ಕೇಳಿ ಪಡೆದರು.

ಸುದ್ದಿಯಿಂದ ಹಣ ಬಂದ ಉದಾಹರಣೆಯೂ ಇದೆ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಪ್ರತಿ ವರ್ಷ ಸುತ್ತೋಲೆ ಓದಿ ಹೇಳಿದರೂ ಮೂರು ನಾಲ್ಕು ಮಕ್ಕಳೇ ಅರ್ಜಿ ಹಾಕುತ್ತಿದ್ದದ್ದು. ಒಂದು ಸಲ ಆ ಹಣ ಪಡೆಯುತ್ತಿದ್ದ ನಮ್ಮದೇ ಹಳೆ ವಿದ್ಯಾರ್ಥಿನಿಯನ್ನು ಮಕ್ಕಳು ಮಾತಾಡಿಸಿ ಬರೆದರು. ಹೇಗೆ ಓದಿದಳು, ಆದಾಯ ಪ್ರಮಾಣಪತ್ರಕ್ಕೆ ಎಲ್ಲಿಗೆ ಹೋದಳು, ಹಣದಲ್ಲಿ ಏನು ಮಾಡಿದಳು. ಆ ವರ್ಷ ಅರ್ಜಿ ಹಾಕಿದವರು ಹದಿನಾಲ್ಕು.

ಆ ತಾಯಿಯ ಮಗ ಹತ್ತನೇ ತರಗತಿ ಮುಗಿಸುವ ಮುಂಚೆ, ಜನವರಿಯಲ್ಲಿ ಒಂದು ಮಂಗಳವಾರ ತಾನಾಗಿ ಬಂದು “ನಾನೊಂದು ಬರೀಲಾ ಮೇಡಂ?” ಅಂದ. ವಿಷಯ ಅಡಿಕೆ ಸುಲಿತ! ಅವನಮ್ಮ ಮೆಟ್ಟುಗತ್ತಿಯ ಮುಂದೆ ಹೇಗೆ ಕೂರುತ್ತಾರೆ, ಕಾಯಿಯನ್ನು ಯಾವ ಕಡೆಯಿಂದ ಕತ್ತಿಗೆ ಕೊಡುತ್ತಾರೆ, ಅಡಿಕೆಗೆ ಗಾಯ ಆಗದ ಹಾಗೆ ಸಿಪ್ಪೆ ಎಳೆಯೋದು ಹೇಗೆ, ಸುಲಿಯುತ್ತಾ ಯಾವ ಕಥೆ ಹೇಳುತ್ತಾರೆ. ಸುಲಿದದ್ದು ಬೆಂದು, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಹಚ್ಚಿಸಿಕೊಂಡು, ಒಣಗಿ, ಶಿವಮೊಗ್ಗ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ರೇಟಿಗೆ ಹೋಗುವವರೆಗೆ ಒಂದೂವರೆ ಪುಟ. ‘ಸುಲಿಯೋರ ಕೈ ನೋಡಿದರೆ ಯಾವ ತಿಂಗಳು ಅಂತ ಗೊತ್ತಾಗುತ್ತದೆ’ ಅಂತ ಒಂದು ಸಾಲಿತ್ತು. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಅಮ್ಮನಿಗೆ ಓದಿ ಹೇಳಿದೆಯಾ ಅಂದೆ. ಅರ್ಧ ಹೇಳಿದೆ, ಅಷ್ಟರಲ್ಲಿ ನಿದ್ದೆ ಹೋದರು ಅಂದ. ಶನಿವಾರ ಹಾಳೆ ಹಾಕಿದೆವು. ಮಧ್ಯಾಹ್ನ ಆ ತಾಯಿ ಬಂದರು. ಈ ಸಲ ಜಗಲಿ ಹತ್ತಿ ಬೋರ್ಡಿನ ಮುಂದೆಯೇ ನಿಂತರು. ಪ್ಲಾಸ್ಟಿಕ್ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ತಪ್ಪು ಬರ್ದಿದಾನೆ ಮೇಡಂ. ತೊಟ್ಟಿನ ಕಡೆಯಿಂದ ಅಲ್ಲ, ನಾನು ತಲೆ ಕಡೆಯಿಂದ ಕೊಡೋದು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಅದೂ ನೋಡ್ಲಿಲ್ವಾ ಇವ್ನು?”

ಮುಂದಿನ ಶನಿವಾರ ತಿದ್ದುಪಡಿ ಹಾಕಿದೆವು. ಅದೇ ಜಾಗ, ಅಷ್ಟೇ ದೊಡ್ಡ ಅಕ್ಷರ. ಹೇಳಿದವರು ಅನ್ನೋ ಕಡೆ ಆ ತಾಯಿಯ ಹೆಸರಿತ್ತು. ಡೈರಿಗೂ ಒಂದು ಪ್ರತಿ ಕಳಿಸಿ ಅಂತ ಅವರೇ ಹೇಳಿ ಹೋಗಿದ್ದರು.