ಫೈಬರ್‌ನ ತುದಿಯಲ್ಲಿ ಸೋರುವ ಬೆಳಕು

ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೈನು ಬಪ್ಪು ದೂರದರ್ಶಕದ ಪ್ರಧಾನ ನಾಭಿಗೆ ಬಿದ್ದ ನಕ್ಷತ್ರದ ಬೆಳಕು, ಸುಮಾರು 45 ಮೀಟರ್ ಉದ್ದದ ಫೈಬರ್ ಎಂಬ ಗಾಜಿನ ಎಳೆಯೊಳಗೆ ಹರಿದು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಎಶೆಲ್ ಸ್ಪೆಕ್ಟ್ರೋಗ್ರಾಫ್ ಸೇರುತ್ತದೆ. ಫೈಬರ್‌ನಲ್ಲಿ ಬೆಳಕು ಹರಿಯುವ ತಿರುಳು 100 ಮೈಕ್ರಾನ್ ಅಗಲ, ಎಫ್/3.25 ನಾಭಿಯಲ್ಲಿ (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕೋನ ಅಗಲ) ಅದು ಆಕಾಶದ ಸುಮಾರು 2.7 ಆರ್ಕ್‌ಸೆಕೆಂಡನ್ನು ಹಿಡಿಯುತ್ತದೆ; ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು. ಇಂಥ ಫೈಬರ್‌ಗಳ ತುದಿ ಉಜ್ಜುವುದು, ಅವನ್ನು ಮೇಜಿನ ಮೇಲೆ ಪರೀಕ್ಷಿಸುವುದು ನನ್ನ ಕೆಲಸ.

ಗಾಜಿನೊಳಗೆ ಬೆಳಕು ಕರಗುವುದು ನಿಜ, ನೀಲಿ ಬಣ್ಣದಲ್ಲಂತೂ ಹೆಚ್ಚು. ಆದರೆ ಅದು ಗಾಜಿನ ಗುಣ, ನಮ್ಮ ಕೈಲಿಲ್ಲ. ನಾನು ಬೆನ್ನು ಹತ್ತುವುದು ಎಫ್‌ಆರ್‌ಡಿಯನ್ನು (ಫೋಕಲ್ ರೇಷಿಯೋ ಡಿಗ್ರೇಡೇಶನ್): ಎಫ್/4 ಕೋನದಲ್ಲಿ ಒಳಹೊಕ್ಕ ಬೆಳಕು ಅದಕ್ಕಿಂತ ಅಗಲವಾಗಿ ಹರಡಿಕೊಂಡು ಹೊರಬರುತ್ತದೆ. ಹರಡಿದ್ದರಲ್ಲಿ ಅಂಚಿನ ಬೆಳಕು, ಸ್ಪೆಕ್ಟ್ರೋಗ್ರಾಫ್‌ನೊಳಗೆ ಕಿರಣಗಳನ್ನು ಸಮಾಂತರ ಮಾಡುವ ಕಾಲಿಮೇಟರ್‌ಗೆ ಸಿಗುವುದೇ ಇಲ್ಲ. ಎಫ್/8ರಂಥ ಕಿರಿದಾದ ಕೋನದಲ್ಲಿ ಕೊಟ್ಟರೆ ಹಾನಿ ಇನ್ನೂ ಹೆಚ್ಚು. ಅದಕ್ಕೇ ಅಂಥ ದೂರದರ್ಶಕಗಳಲ್ಲಿ ಫೈಬರ್‌ನ ಮುಂದೆ ಪುಟ್ಟ ಮಸೂರ ಇಟ್ಟು ಕೋನ ಅಗಲಿಸುತ್ತಾರೆ.

ಅಳೆಯುವ ಏರ್ಪಾಟು ಸರಳ. ದೀಪ, ಸೂಜಿರಂಧ್ರ, ಬಣ್ಣದ ಫಿಲ್ಟರ್, ಮಸೂರ, ಕೋನ ಹಿಗ್ಗಿಸಿ ಕುಗ್ಗಿಸಲು ಐರಿಸ್. ಆಚೆ ತುದಿಯಲ್ಲಿ ಮಸೂರವಿಲ್ಲದ ಸಿಸಿಡಿ ಕ್ಯಾಮೆರಾ. ಸಿಸಿಡಿಯನ್ನು ಹಿಂದಕ್ಕೆ ಸರಿಸುತ್ತಾ ಚಿತ್ರ ತೆಗೆದರೆ, ಬೆಳಕಿನ ವೃತ್ತ ಎಷ್ಟು ವೇಗವಾಗಿ ದೊಡ್ಡದಾಗುತ್ತದೆ ಎಂಬುದರಿಂದ ಹೊರಕೋನ ಸಿಗುತ್ತದೆ. ಆ ವೃತ್ತಕ್ಕೆ ಒಳಬಂದ ಕೋನದ ಗೆರೆ ಎಳೆದು, ಅದರೊಳಗೆ ಎಷ್ಟು ಬೆಳಕು ಉಳಿದಿದೆ ಎಂದು ಎಣಿಸುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಫೈಬರ್ ಒಂದಿಷ್ಟು ವಾಲಿದ್ದರೂ ಬೆಳಕು ಹರಡುತ್ತದೆ, ಫಲಿತಾಂಶ ಥೇಟ್ ಎಫ್‌ಆರ್‌ಡಿಯಂತೆಯೇ ಕಾಣುತ್ತದೆ. ಹಾಗಾಗಿ ಮೊದಲು ಆಚೆ ತುದಿಯಿಂದ ಬೆಳಕು ಹಾಯಿಸಿ ಅಕ್ಷ ಸರಿಮಾಡಿಕೊಂಡೇ ಮುಂದುವರಿಯುತ್ತೇನೆ.

ನಾನು ಕಂಡ ಹಾಗೆ, ಫೈಬರ್ ಬರಿದಾಗಿ ಮೇಜಿನ ಮೇಲೆ ಮಲಗಿರುವಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ಹಿಡಿತದಿಂದ. ತುದಿಯನ್ನು ಫೆರೂಲ್‌ಗೆ, ಅಂದರೆ ಅದನ್ನು ಹಿಡಿದಿಡುವ ಪುಟ್ಟ ಕೊಳವೆಗೆ, ಅಂಟಿಸುವ ಎಪಾಕ್ಸಿ ಅಂಟು ಗಟ್ಟಿಯಾಗುವಾಗ ಕುಗ್ಗಿ ಗಾಜನ್ನು ಹಿಂಡುತ್ತದೆ. ಬಿಸಿ ಮಾಡಿ ಬೇಗ ಗಟ್ಟಿ ಮಾಡಿದರೆ ಆಮೇಲೆ ತಣಿಯುವಾಗಲೂ ಒತ್ತಡ ಸೇರುತ್ತದೆ. ಕಡಿಮೆ ಕುಗ್ಗುವ ಅಂಟನ್ನು ಕೋಣೆಯ ಉಷ್ಣಾಂಶದಲ್ಲೇ ನಿಧಾನವಾಗಿ ಒಣಗಲು ಬಿಡುವುದು ನನ್ನ ಪದ್ಧತಿ. ಕೆಲಸದ ಗಡುವು ಹತ್ತಿರವಿದ್ದಾಗಲೂ ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ಆಮೇಲೆ ಒರಟಾದ ಉಜ್ಜುವ ಫಿಲ್ಮ್‌ನಿಂದ ಶುರುಮಾಡಿ 0.3 ಮೈಕ್ರಾನ್ ಕಣಗಳ ಫಿಲ್ಮ್‌ವರೆಗೆ ಇಳಿಯುತ್ತಾ ಉಜ್ಜುವುದು. ಪ್ರತಿ ಹಂತದಲ್ಲೂ ಹಿಂದಿನ ಗೀರು ಪೂರ್ತಿ ಹೋಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬಿಗಿಯಾಗಿ ಎಳೆದ ಒಂದು ಕೇಬಲ್ ಟೈ ಕೂಡ ಈ ಶ್ರಮವನ್ನೆಲ್ಲ ಹಾಳುಮಾಡಬಲ್ಲದು.

ನಕ್ಷತ್ರದ ವೇಗ ಅಳೆಯುವವರಿಗೆ ಬೆಳಕು ಉಳಿದರಷ್ಟೇ ಸಾಲದು. ಒಳಗೆ ನಕ್ಷತ್ರದ ಬಿಂಬ ಅಲುಗಿದರೂ ಹೊರಗಿನ ಬಿಂಬ ಅಲುಗಬಾರದು, ಅಲುಗಿದರೆ ಅದೇ ನಕ್ಷತ್ರದ ವೇಗದಂತೆ ಕಾಣುತ್ತದೆ. ದುಂಡು ತಿರುಳಿನ ಫೈಬರ್ ಇದರಲ್ಲಿ ಅಷ್ಟಕ್ಕಷ್ಟೆ, ಅಷ್ಟಕೋನದ್ದು ಎಷ್ಟೋ ಮೇಲು. ಫ್ರಾನ್ಸಿನ ಸೋಫಿ ಸ್ಪೆಕ್ಟ್ರೋಗ್ರಾಫ್‌ಗೆ 2011ರಲ್ಲಿ ಅಷ್ಟಕೋನದ ಫೈಬರ್ ಹಾಕಿದ ಮೇಲೆ ಅದರ ನಿಖರತೆ ಸುಧಾರಿಸಿತು. ಇಂಥ ಫೈಬರ್ ಪರೀಕ್ಷಿಸುವಾಗ ಒಳಗಿನ ಚುಕ್ಕಿಯನ್ನು ತಿರುಳಿನ ನಡುವಿನಿಂದ ಅಂಚಿನವರೆಗೆ ಸರಿಸುತ್ತಾ, ಹೊರಗಿನ ಬಿಂಬದ ಕೇಂದ್ರ ಎಷ್ಟು ಜರುಗಿತೆಂದು ಅಳೆಯುತ್ತೇನೆ. ಎಪಾಕ್ಸಿ, ಫಿಲ್ಮ್, ಸೂಕ್ಷ್ಮದರ್ಶಕದ ಕೆಲಸ ಇದಕ್ಕೂ ತಪ್ಪಿದ್ದಲ್ಲ.