ಪರಸಿ ಮೇಲಿನ ಎಣ್ಣೆ ಕಲೆ: ನನ್ನ ಅನುಭವ

ರಾಯಚೂರಿನ ನಮ್ಮ ಮನೆ ಅಂಗಳಕ್ಕೆ ಹಾಸಿರೋದು ಶಹಾಬಾದಿ ಪರಸಿ. ದಿನಾ ಬೆಳಿಗ್ಗೆ ಬೈಕಿನ ಕೆಳಗೆ ನಾಣ್ಯದಷ್ಟು ಕರಿ ಕಲೆ. "ನಿನ್ ಗಾಡಿ ಮತ್ತ ಎಣ್ಣಿ ಕಾರ್ಯಾದ ನೋಡು" ಅಂತ ಅವ್ವನ ಬೈಗುಳ. ಮೆಕ್ಯಾನಿಕ್ ಎಂಜಿನ್ನೇ ಬಿಚ್ಚಬೇಕು ಅಂದ. ನನಗೆ ನಂಬಿಕೆ ಬರಲಿಲ್ಲ.

ಮೊದಲು ಎಂಜಿನ್ ತಳದಲ್ಲಿರೋ, ಹಳೆ ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿನ ವಾಷರ್ ಬದಲಿಸಿದೆ. ದಂಡ. ಎಲ್ಲಿ ಸೋರಿದರೂ ಎಣ್ಣೆ ಹರಿದು ಬಂದು ತೊಟ್ಟಿಕ್ಕೋದು ಆ ಬೋಲ್ಟಿನಿಂದಲೇ! ಆಮೇಲೆ ಡೀಸೆಲ್‌ನಲ್ಲಿ ಎಂಜಿನ್ ತಿಕ್ಕಿ, ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ 10 ನಿಮಿಷ ಸ್ಟಾರ್ಟ್ ಇಟ್ಟೆ. ಗೇರ್ ಲಿವರ್ ಕೂರುವ ಗೇರ್ ಶಾಫ್ಟಿನ ಸುತ್ತ ಮಾತ್ರ ಪೌಡರ್ ನೆನೆದು ಕಪ್ಪಾಯಿತು. ಅಲ್ಲಿ ಎಣ್ಣೆ ಹೊರಬರದಂತೆ ತಡೆಯುವ ಉಂಗುರದ, ಅಂದರೆ ಆಯಿಲ್ ಸೀಲಿನ, ರಬ್ಬರ್ ಬಿರುಸಾಗಿತ್ತು.

ಎಂಜಿನ್ ತಣಿದ ಮೇಲೆ, ಎಣ್ಣೆ ಶಾಫ್ಟ್ ಇರೋ ಎಡಕ್ಕೆ ಬಾರದಿರಲಿ ಅಂತ ಗಾಡಿಯನ್ನು ಬಲಕ್ಕೆ ವಾಲಿಸಿ ಗೋಡೆಗೆ ಒರಗಿಸಿದೆ. ಗೇರ್ ಲಿವರ್, ಚೈನ್ ಕಡೆಯ ಕವರ್ ತೆಗೆದು ಹಳೆ ಸೀಲ್ ಎಬ್ಬಿದೆ. ಇಲ್ಲಿ ಅವಸರ ಬೇಡ. ಶಾಫ್ಟಿಗೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಶಾಫ್ಟಿನ ಹಲ್ಲುಗಳಿಗೆ ಪ್ಲಾಸ್ಟಿಕ್ ಸುತ್ತಿ, ಹೊಸ ಸೀಲಿನ ಅಂಚಿಗೆ ಆಯಿಲ್ ಸವರಿ, ಸೀಲಿನ ಅಳತೆಯ ಸಾಕೆಟ್ ಪಾನಾ ಇಟ್ಟು ಮೆಲ್ಲಗೆ ಬಡಿದು ಕೂರಿಸಿದೆ. ಗಾಡಿ ನೆಟ್ಟಗೆ ನಿಲ್ಲಿಸಿ ಕಡಿಮೆಯಾದಷ್ಟು ಆಯಿಲ್ ತುಂಬಿದೆ.

ಮೂರು ವಾರವಾಯಿತು, ಒಂದು ಹನಿಯೂ ಇಲ್ಲ. ಹಳೆ ಕಲೆ ಮಾತ್ರ ಹೋಗಿಲ್ಲ. ಅವ್ವ ಈಗ ಅದನ್ನೇ ತೋರಿಸುತ್ತಾಳೆ.