ಶರಾವತಿಯ ಅಳಿವೆಯಲ್ಲಿ ಕಡಲ್ಗಳ್ಳರ ದೋಣಿ: ನನ್ನ ಅನುಭವ

ಹೊನ್ನಾವರದಲ್ಲಿ ಶರಾವತಿ ಸಮುದ್ರವನ್ನು ಸೇರುವ ಅಳಿವೆಯ ಒಳಭಾಗದಲ್ಲಿ ನಾನು ಪ್ರವಾಸಿಗರಿಗಾಗಿ ದೋಣಿ ನಡೆಸುತ್ತೇನೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕುರ್ವೆಗಳೆಂಬ ಹೊಳೆನಡುವಿನ ದ್ವೀಪಗಳು, ಬೆಳ್ಳಕ್ಕಿಗಳ ಹಿಂಡು ಎಂದು ತೋರಿಸುತ್ತ ಸಾಗಿದರೆ ದೊಡ್ಡವರು ಫೋಟೊ ತೆಗೆದುಕೊಂಡು ತೃಪ್ತರಾಗುತ್ತಾರೆ. ಮಕ್ಕಳು ಮಾತ್ರ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ‘ಇನ್ನೆಷ್ಟು ಹೊತ್ತು’ ಎಂದು ಕೇಳತೊಡಗುತ್ತಾರೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಕಡಲ್ಗಳ್ಳರ ಮೊರೆ ಹೋದೆ.

ಮೊದಲ ಪ್ರಯತ್ನ ಟಿವಿಯಲ್ಲಿ ಕಾಣುವ ಮಾದರಿಯದಾಗಿತ್ತು. ದೋಣಿಯ ಹಿಂಬದಿಗೆ ಪ್ಲೈವುಡ್ಡಿನ ಅಟ್ಟ, ಮುಂಭಾಗಕ್ಕೆ ಥರ್ಮಾಕೋಲಿನ ತಲೆಬುರುಡೆ, ನಡುವೆ ಬಿದಿರಿನ ಕಂಬಕ್ಕೆ ಕಪ್ಪು ಬಾವುಟ ಕಟ್ಟಿಸಿದ್ದೆ. ಪ್ರಯಾಣಿಕರನ್ನು ಹತ್ತಿಸುವ ಮೊದಲು ಮನೆಯ ಹುಡುಗರನ್ನೇ ಕೂರಿಸಿಕೊಂಡು ಹೊರಟದ್ದು ಒಳ್ಳೆಯದಾಯಿತು. ನಾಲ್ವರು ಅಟ್ಟದ ಮೇಲೆ ಒಂದೇ ಮಗ್ಗುಲಿಗೆ ನಿಂತೊಡನೆ ದೋಣಿ ವಾಲಿತು, ವಾಲಿದ್ದು ಮತ್ತೆ ನೇರವಾಗಲು ತಡವರಿಸಿತು. ಭಾರ ಮೇಲಕ್ಕೆ ಏರಿದಷ್ಟೂ ದೋಣಿಯ ಸಮತೋಲ ಕೆಡುತ್ತದೆ ಎಂಬುದು ನಮ್ಮ ಊರಿನ ಮೀನುಗಾರರ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಲಂಕಾರದ ಉಮೇದಿನಲ್ಲಿ ನಾನು ಅದನ್ನು ಮರೆತಿದ್ದೆ. ಮಧ್ಯಾಹ್ನದ ಪಡುಗಾಳಿಗೆ ತಲೆಬುರುಡೆ ಮುರಿದು ನೀರು ಪಾಲಾಯಿತು. ಅಟ್ಟವನ್ನು ಅಂದೇ ಬಿಚ್ಚಿಸಿದೆ.

ನಮ್ಮ ಊರಿಗೆ ತನ್ನದೇ ಆದ ಕಡಲ್ಗಳ್ಳನಿದ್ದಾನೆ. ಪೋರ್ಚುಗೀಸರು ತಿಮೋಜ ಎಂದು ಕರೆದ ಆತ ಹೊನ್ನಾವರವನ್ನು ನೆಲೆಯಾಗಿಸಿಕೊಂಡು ಈ ಕರಾವಳಿಯ ಹಡಗುಗಳನ್ನು ಕಾಡುತ್ತಿದ್ದ. 1510ರಲ್ಲಿ ಗೋವೆಯ ಮೇಲೆ ಏರಿಹೋಗುವಂತೆ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನಿಗೆ ಸಲಹೆ ಕೊಟ್ಟವನೂ ಆತನೇ. ನನಗೆ ಬೇಕಾಗಿದ್ದ ಆಟ ಸಿಕ್ಕಿದ್ದು ಅದಕ್ಕಿಂತ ಹಿಂದಿನ ಪ್ರಸಂಗವೊಂದರಲ್ಲಿ. 1498ರಲ್ಲಿ ವಾಸ್ಕೋ ಡ ಗಾಮಾ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಸುತ್ತಿದ್ದಾಗ, ತಿಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮರದ ಕೊಂಬೆರೆಂಬೆಗಳಿಂದ ಮುಚ್ಚಿ, ತೇಲುವ ದ್ವೀಪದಂತೆ ತೋರುವ ಹಾಗೆ ಸಮೀಪಿಸಿದನೆಂದೂ, ಗಾಮಾ ತೋಪು ಹಾರಿಸಿದೊಡನೆ ಆ ದ್ವೀಪ ಚೂರುಚೂರಾಗಿ ದಿಕ್ಕಾಪಾಲಾಗಿ ಓಡಿತೆಂದೂ ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ.

ಎಂಟು ದೋಣಿಗಳ ಬದಲು ನಾನು ಎರಡು ಪಾತಿ ದೋಣಿಗಳನ್ನು ಜೋಡಿಸಿ, ತೆಂಗಿನ ಮಡಲುಗಳಿಂದ ಮುಚ್ಚಿಸಿದೆ. ಕಾಂಡ್ಲಾ ಗಿಡದ ಒಂದು ಕೊಂಬೆಯನ್ನೂ ಮುರಿಯಬಾರದೆಂಬುದು ಮೊದಲ ದಿನದಿಂದಲೂ ನನ್ನ ಕಟ್ಟುನಿಟ್ಟು. ಈಜು ಬಲ್ಲ ಇಬ್ಬರು ಯುವಕರು ಲೈಫ್ ಜಾಕೆಟ್ ತೊಟ್ಟು ಮಡಲಿನ ಒಳಗೆ ಮಲಗಿರುತ್ತಾರೆ. ‘ಇಲ್ಲಿರುವ ಕುರ್ವೆಗಳಲ್ಲಿ ಒಂದು ನಡೆಯುತ್ತಿದೆ, ಯಾವುದೆಂದು ಹೇಳಿ’ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಗಲಾಟೆ ಒಮ್ಮೆಲೇ ನಿಂತು, ಹದಿನಾಲ್ಕು ಜೊತೆ ಕಣ್ಣುಗಳು ನೀರಿನ ಮೇಲೆ ನೆಟ್ಟುಬಿಡುತ್ತವೆ. ಯಾರಾದರೂ ಗುರುತಿಸಿದ ಕೂಡಲೇ ಎಲ್ಲರೂ ಪಿಚಕಾರಿ ಹಿಡಿಯುತ್ತಾರೆ, ಹಗ್ಗ ಬಿಚ್ಚಿಕೊಂಡು ದ್ವೀಪ ಎರಡಾಗಿ ಓಡುತ್ತದೆ.

ಈ ಆಟದ ಜೀವಾಳವೆಂದರೆ ಭರತ. ನೀರು ಏರುವ ಹೊತ್ತಿನಲ್ಲಿ ಸಮುದ್ರದ ಸೆಳೆತ ಹೊಳೆಯೊಳಕ್ಕೆ ಬರುವುದರಿಂದ, ಹುಟ್ಟು ಹಾಕದೆಯೇ ಮಡಲಿನ ದ್ವೀಪ ನಮ್ಮತ್ತ ತೇಲಿ ಬರುತ್ತದೆ. ಒಂದು ಭಾನುವಾರ ಬೆಳಿಗ್ಗೆ 9 ಗಂಟೆಗೆ ಎಲ್ಲವೂ ಸೊಗಸಾಗಿ ನಡೆದದ್ದನ್ನು ಕಂಡು, ಮುಂದಿನ ಭಾನುವಾರಕ್ಕೂ ಅದೇ ಹೊತ್ತು ಒಪ್ಪಿಕೊಂಡುಬಿಟ್ಟೆ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಏಳು ದಿನಗಳಲ್ಲಿ ಹೆಚ್ಚುಕಡಿಮೆ ಆರು ಗಂಟೆ ವ್ಯತ್ಯಾಸವಾಗಿ, ಭರತವಿದ್ದ ಹೊತ್ತಿಗೆ ಸರಿಯಾಗಿ ಇಳಿತ ಬಂದು ನಿಲ್ಲುತ್ತದೆ. ಅಂದು ನಮ್ಮ ಕಳ್ಳರ ದ್ವೀಪ ಮಕ್ಕಳಿಗೆ ಬೆನ್ನು ತೋರಿಸಿ ಅಳಿವೆಯ ಕಡೆಗೆ ತೇಲಿತು. ಮಡಲಿನೊಳಗಿಂದ ಎರಡು ಕೈಗಳು ಹೊರಬಂದು ಆತುರಾತುರವಾಗಿ ಗಳ ಊರಿದವು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ಅಳಿವೆಯ ಬಾಯಲ್ಲಿ ಮರಳುದಿಬ್ಬವೂ ಅದರ ಮೇಲೆ ಒಡೆಯುವ ತೆರೆಗಳೂ ಇರುತ್ತವೆ. ಅಂದಿನಿಂದ ಬುಕಿಂಗಿನ ಫೋನ್ ಬಂದರೆ ಮೊದಲು ಭರತದ ಪಟ್ಟಿ ನೋಡಿ, ಆಮೇಲೆ ಗಂಟೆ ಹೇಳುತ್ತೇನೆ.

ಉಳಿದ ನಿಯಮಗಳು ಸರಳ. ಪರವಾನಗಿಯಲ್ಲಿರುವುದಕ್ಕಿಂತ ಕಡಿಮೆ ಜನ, ಮಕ್ಕಳ ಅಳತೆಯ ಲೈಫ್ ಜಾಕೆಟ್, ಅಳಿವೆಯ ಬಾಯಿ ದಾಟದಿರುವುದು, ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಡುವುದು.

ಶಿರಸಿಯಿಂದ ಬಂದಿದ್ದ ಹುಡುಗಿಯೊಬ್ಬಳು, ‘ತಿಮೋಜ ನಮ್ಮೂರಿನವನಾದರೆ ನಾವೇಕೆ ಗಾಮಾನ ಕಡೆ ಸೇರಿ ಹೊಡೆಯಬೇಕು’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಎರಡನೆಯ ಸುತ್ತು ಇದೆ: ಅಪ್ಪಂದಿರನ್ನು ಕುರ್ವೆಯ ದಡದಲ್ಲಿ ಚಹಾದೊಂದಿಗೆ ಕೂರಿಸಿ, ಅಮ್ಮಂದಿರೂ ಮಕ್ಕಳೂ ನಮ್ಮ ದೋಣಿಗೇ ಮಡಲು ಕಟ್ಟಿಕೊಂಡು ಅವರ ಮೇಲೆ ದಾಳಿಗೆ ಬರುತ್ತಾರೆ. ತಿಮೋಜ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯಂತೂ ಪ್ರತಿ ಸಲ ಬರುತ್ತದೆ. ಅವನು ಸುಲಿದದ್ದನ್ನೂ, ಯಾರು ಬಲಶಾಲಿಯೋ ಅವರೊಡನೆ ಒಪ್ಪಂದ ಮಾಡಿಕೊಂಡದ್ದನ್ನೂ ಮುಚ್ಚಿಡದೆ ಹೇಳುತ್ತೇನೆ.

ಕೊನೆಯಲ್ಲಿ ನಿಧಿಯ ಪೆಟ್ಟಿಗೆ ತೆರೆಯಬೇಕು. ಮೊದಲು ಚಿನ್ನದ ಬಣ್ಣದ ಚಾಕೊಲೇಟ್ ನಾಣ್ಯಗಳನ್ನು ಇಡುತ್ತಿದ್ದೆ, ಬಿಸಿಲಿಗೆ ಅವು ಕರಗಿ ಅಂಟಾಗುತ್ತಿದ್ದವು. ಈಗ ಇಡುವುದು ಕಾಳುಮೆಣಸಿನ ಪೊಟ್ಟಣ. ಇದೇ ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದನ್ನೂ, ಅವರ ಹಡಗುಗಳು ಇಷ್ಟು ದೂರ ಬಂದದ್ದು ಈ ಕಾಳಿನ ಆಸೆಗೆ ಎಂಬುದನ್ನೂ ಅಲ್ಲಿ ಹೇಳುತ್ತೇನೆ. ಕಳೆದ ಬಾರಿ ಒಬ್ಬ ಹುಡುಗ ಎರಡು ಕಾಳು ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು ‘ಇದೆಂಥ ನಿಧಿ’ ಎಂದು ಮುಖ ಸೊಟ್ಟಗೆ ಮಾಡಿದ. ಅವನ ಅಜ್ಜಿ ಪೊಟ್ಟಣ ಇಸಿದುಕೊಂಡು, ಮೂಸಿ ನೋಡಿ, ‘ಹೊಸ ಫಸಲಿನದು’ ಎಂದವರೇ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.